ಎರಡು ರೆಕ್ಕೆ, ಒಂದು ಕಾಲು

ಕೋಟು ಹೊಲಿಯುವುದರಲ್ಲಿ ನಮ್ಮ ಟೈಲರನ ಸಮಕ್ಕೆ ನಿಲ್ಲುವವರು ಭೂಮಂಡಲದಲ್ಲಿ ಮೂರೇ ಜನ. ಅವರಲ್ಲಿ ಇಬ್ಬರು ಅವನ ಶಿಷ್ಯರು, ಮೂರನೆಯವಳು ಅವನ ಹೆಂಡತಿ. ಅಂಥವನು ರಿಮೋಟ್ ವಿಮಾನ ಹಾರಿಸಲು ಕಲಿತು ಬರೀ ನಾಲ್ಕು ತಿಂಗಳಾಗಿತ್ತು. ಕಲಿಯುವವರ ಒಂಟಿರೆಕ್ಕೆಯ ವಿಮಾನವನ್ನು ಅಷ್ಟರಲ್ಲೇ ಎಷ್ಟು ಸಲ ಇಳಿಸಿದ್ದನೆಂದರೆ, ಅದರ ಸದ್ದು ಕೇಳಿದೊಡನೆ ಮೈದಾನದ ಹುಲ್ಲು ತಾನೇ ಬಾಗಿ ದಾರಿ ಬಿಡುತ್ತಿತ್ತು.

ಈಗ ಅವನ ಕಣ್ಣು ಬೈಪ್ಲೇನಿನ ಮೇಲೆ ಬಿದ್ದಿತ್ತು. ಮೇಲೊಂದು ಕೆಳಗೊಂದು ರೆಕ್ಕೆ, ನಡುವೆ ಪುಟ್ಟ ಕಂಬಗಳು, ಅಡ್ಡಡ್ಡ ತಂತಿಗಳು. ಆರು ವಾರ ಅಂಗಡಿಯ ಕತ್ತರಿ ಮೇಜಿನ ಮೇಲೇ ಅದನ್ನು ಕಟ್ಟಿದ. ಕೋಟು ಕೇಳಲು ಬಂದವರಿಗೆ, "ಮೊದಲು ರೆಕ್ಕೆ ಒಣಗಲಿ ಸ್ವಾಮೀ, ಆಮೇಲೆ ತೋಳು" ಎಂದು ಕೈಮುಗಿದು ಕಳಿಸಿದ.

ಭಾನುವಾರ ಬೆಳಿಗ್ಗೆ ಹೆಂಡತಿಯೊಡನೆ ಮೈದಾನಕ್ಕೆ ಬಂದಾಗ ಗುರುಗಳು ಕಾಯುತ್ತಿದ್ದರು. ಗುರು ಅಂದರೆ ಬೇರಾರಲ್ಲ, ಹೆಂಡತಿಯ ಅಣ್ಣ, ಬಂದರಿನಲ್ಲಿ ಕ್ರೇನ್ ಓಡಿಸುವವನು. ಶಿಷ್ಯ ತಪ್ಪಿದರೆ ತಾನು ಸಂಭಾಳಿಸಲೆಂದು ಅವನ ರಿಮೋಟಿನಿಂದ ತನ್ನ ರಿಮೋಟಿಗೆ ಒಂದು ತಂತಿ ಕಟ್ಟಿಕೊಂಡೇ ಹಾರಿಸಲು ಬಿಡುತ್ತಿದ್ದ. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ನಾಲ್ಕು ತಿಂಗಳು ಕಳೆದ ಟೈಲರಿಗೆ ಅದು ಸಾಕುಸಾಕಾಗಿತ್ತು.

"ಭಾವ, ಇವತ್ತು ತಂತಿ ಬೇಡ. ನಾನೊಬ್ನೇ ಹಾರಿಸ್ತೀನಿ."

"ಓಹೋ! ಆಗ್ಲಿ ಸಾಹೇಬ್ರೇ. ಇಡಿಯಾಗಿ ಇಳಿಸಿದ್ರೆ ಇನ್ಮೇಲೆ ತಂತೀನೇ ಇಲ್ಲ. ಏನಾದ್ರೂ ಮುರೀತೋ, ಇನ್ನೊಂದು ವರ್ಷ ಒಂಟಿರೆಕ್ಕೆ, ನನ್ನ ಪಕ್ಕದಲ್ಲೇ. ನಾನಾಗ್ಲಿ ಬೇರೆಯವರಾಗ್ಲಿ ನಿಮ್ಮ ರಿಮೋಟಿಗೆ ಕೈ ಹಾಕೋ ಹಾಗಿಲ್ಲ."

"ಒಪ್ಪಿದೆ."

"ಒಂದು ಮಾತು ಕೇಳಿ. ಒಂಟಿರೆಕ್ಕೆ ವೇಗ ಇಳಿಸಿದ್ರೂ ತೇಲ್ಕೊಂಡು ಬರತ್ತೆ. ಇದು ಹಾಗಲ್ಲ, ಈ ಕಂಬ, ತಂತಿ ಎಲ್ಲ ಗಾಳೀನ ತಡೆಯತ್ತೆ. ಚಕ್ರ ನೆಲ ಮುಟ್ಟೋವರೆಗೂ ವೇಗದ ಕಡ್ಡಿ ಪೂರ್ತಿ ಇಳಿಸ್ಬೇಡಿ. ಇಳಿಸಿದ್ರೆ ವಿಮಾನ ಅಲ್ಲ ಅದು, ಇಟ್ಟಿಗೆ!"

"ಗೊತ್ತು ಭಾವ, ಗೊತ್ತು."

ಬೈಪ್ಲೇನ್ ಏರಿತು ನೋಡಿ! ಮೋಡಗಳು ಬದಿಗೆ ಸರಿದು ನಿಂತವು. ಹದ್ದೊಂದು ಇದನ್ನು ಕಂಡು, ಇಷ್ಟು ದಿನ ತಾನು ಮಾಡಿದ್ದು ಹಾರಾಟವೇ ಅಲ್ಲವೆಂದು ನಾಚಿ ಮರ ಸೇರಿತು. ಟೈಲರು ಒಂದು ಲಾಗ ಹಾಕಿಸಿದ, ಎರಡು ಹಾಕಿಸಿದ. ನಾಲ್ಕು ನಿಮಿಷ ಅವನೇ ಆಕಾಶದ ಯಜಮಾನ.

"ಬ್ಯಾಟರಿ ಎರಡೇ ನಿಮಿಷ ಇದೆ, ಇಳಿಸಿ" ಎಂದ ಭಾವ.

ಬೈಪ್ಲೇನ್ ತಿರುಗಿ ನೆಟ್ಟಗೆ ಬಂತು. ಇನ್ನೇನು ಹುಲ್ಲಿನ ಅಂಚು ಎನ್ನುವಾಗ ಟೈಲರನ ಹೆಬ್ಬೆರಳು ಕಡ್ಡಿಯನ್ನು ತಟ್ಟನೆ ಕೆಳಗೆಳೆಯಿತು. ವಿಮಾನ ಬಾವಿಗೆ ಬಿಟ್ಟ ಬಿಂದಿಗೆಯಂತೆ ಕುಸಿಯಿತು. "ಅಯ್ಯಯ್ಯೋ!" ಎಂದು ಮತ್ತೆ ವೇಗ ಕೊಟ್ಟ, ಚಕ್ರಗಳು ಹುಲ್ಲಿನ ತುದಿ ಸವರಿಕೊಂಡು ಮೇಲೆದ್ದವು. ಭಾವ ಹಣೆ ಚಚ್ಚಿಕೊಂಡ.

"ಹೇಳಿದ್ನಲ್ಲ ರೀ, ಇಳಿಸ್ಬೇಡಿ ಅಂತ!"

"ನಾನೆಲ್ಲಿ ಇಳಿಸಿದೆ ಭಾವ? ಕೈ ತಾನಾಗೇ ಇಳೀತು!"

ಹಿಂದೆ ನಿಂತಿದ್ದ ಹೆಂಡತಿ ಅವನ ಕೈ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಹದಿನೆಂಟು ವರ್ಷ ಪಕ್ಕದ ಮಿಷನ್ನಿನ ಮುಂದೆ ಕೂತು ಗುಂಡಿ ಹಚ್ಚಿದವಳಿಗೆ ಆ ಕಾಲು ಗೊತ್ತಿಲ್ಲವೇ? ಹೊಲಿಗೆ ಸಾಗುವಾಗ ಮೋಟಾರಿನ ಪೆಡಲನ್ನು ಒತ್ತಿ ಹಿಡಿಯುವ ಆ ಬಲಗಾಲು, ಬಟ್ಟೆಯ ಅಂಚು ಬಂದೊಡನೆ ಮೇಲೇಳುತ್ತದೆ. ಈಗಲೂ ಹುಲ್ಲಿನ ಅಂಚು ಕಂಡದ್ದೇ ತಡ ಪಾದ ಎದ್ದಿತ್ತು, ಅದರ ಹಿಂದೆಯೇ ಹೆಬ್ಬೆರಳು ಇಳಿದಿತ್ತು.

"ರೀ, ನಿಮ್ಮ ಕೈ ತಪ್ಪಲ್ಲ. ನೀವು ಹೊಲೀತಿದ್ದೀರ!"

"ಏನೇ ಅದು? ಸುಮ್ನಿರು, ಬರ್ತಿದೆ!"

"ಇನ್ನು ಅರ್ಧ ನಿಮಿಷ" ಎಂದ ಭಾವ.

ಬೈಪ್ಲೇನ್ ಮತ್ತೆ ನೆಟ್ಟಗೆ ಬಂತು. ಅಂಚು ಹತ್ತಿರವಾಯಿತು. ಟೈಲರನ ಹಿಮ್ಮಡಿ ನೆಲದಲ್ಲೇ ಉಳಿದು ಕಾಲ್ಬೆರಳುಗಳು ಏಳತೊಡಗಿದವು. ಆಗ ಹೆಂಡತಿ ಮುಂದೆ ಬಂದು, ತನ್ನ ಇಡೀ ಭಾರವನ್ನು ಹೊತ್ತ ಕಾಲನ್ನು ಅವನ ಪಾದದ ಮೇಲೆ ಊರಿ ನಿಂತಳು. ಟೈಲರನ ಕಣ್ಣಲ್ಲಿ ನಕ್ಷತ್ರ, ಧೂಮಕೇತು, ಒಂದೆರಡು ಹೊಸ ಗ್ರಹಗಳೂ ಕಂಡವು. ಆದರೆ ಕಾಲು ಏಳಲಿಲ್ಲ, ಕಡ್ಡಿಯ ಮೇಲಿನ ಹೆಬ್ಬೆರಳು ಅಲ್ಲಾಡಲಿಲ್ಲ. ಪುಟ್ಟ ಮೋಟಾರು ಗುಂಯ್‌ಗುಡುತ್ತಲೇ ಬಂದು, ಬೆಣ್ಣೆಗೆ ಚಾಕು ಇಟ್ಟಂತೆ ಚಕ್ರಗಳು ಹುಲ್ಲಿಗಿಳಿದವು.

"ಈಗ ಎತ್ತಿ" ಎಂದು ಕಾಲು ತೆಗೆದಳು.

ಬೈಪ್ಲೇನ್ ಒಂದು ತಂತಿಯೂ ಸಡಿಲಾಗದೆ ನಿಂತಿತ್ತು. ಭಾವ ಅದರ ಸುತ್ತ ಮೂರು ಸುತ್ತು ಬಂದ, ಮಂಡಿಯೂರಿ ನೋಡಿದ, ಮೂಸಿಯೂ ನೋಡಿದ. ತಪ್ಪು ಸಿಗಲಿಲ್ಲ.

"ಆದ್ರೆ ಇವಳು ಸಹಾಯ ಮಾಡಿದ್ಳು" ಎಂದು ರಾಗ ಎಳೆದ.

"ಕೈ ಹಾಕ್ಬಾರ್ದು ಅಂತ ನೀನು ಅಂದಿದ್ದೆ ಅಣ್ಣ. ನಾನು ಕೈ ಹಾಕಿದ್ನಾ?"

ಟನ್ನುಗಟ್ಟಲೆ ಪೆಟ್ಟಿಗೆ ಎತ್ತುವ ಭಾವನಿಗೆ ಆ ಮಾತನ್ನು ಎತ್ತಿ ಪಕ್ಕಕ್ಕಿಡಲು ಆಗಲಿಲ್ಲ. ನಗುತ್ತಾ ತಂತಿಯನ್ನು ಸುತ್ತಿ ತಂಗಿಯ ಕೈಗಿತ್ತ.

"ಸಾಹೇಬ್ರಿಗೆ ಇನ್ನು ಇದು ಬೇಡ. ಬಾ, ಮುಂದಿನ ವಾರದಿಂದ ನೀನು ಕಲಿ."

ಟೈಲರು ಕುಂಟುತ್ತಾ, ಗೆದ್ದ ರಾಜನ ಗತ್ತಿನಲ್ಲಿ ವಿಮಾನ ತರಲು ಹೊರಟಿದ್ದ. ಅವನ ಬೆನ್ನು ನೋಡುತ್ತಾ ಅವಳೆಂದಳು:

"ಕಲಿಯೋದೇನು ಬಂತು ಅಣ್ಣ? ನಾನೀಗ ತಾನೇ ಇಳಿಸಿದ್ನಲ್ಲ!"