ತೊಳೆದ ಎಂಜಿನ್

ಶಾಲೆಯ ಬಸ್ಸು ಓಡಿಸುವವಳಿಗೆ ರೇಸಿನ ಕಾರು ಯಾಕೆ ಎಂದು ಕೇಳಿದವರಲ್ಲಿ ಮೊದಲಿಗರು ನಮ್ಮ ಭಾವ, ಅಕ್ಕನ ಗಂಡ. ವೇಗಕ್ಕೆ ಬೀಗ ಹಾಕಿದ ಬಸ್ಸಿನಲ್ಲಿ ದಿನವಿಡೀ ಕೂತು, ಸೈಕಲ್ಲಿನವರೂ ನನ್ನನ್ನು ಹಿಂದೆ ಹಾಕಿ ಹೋಗುವುದನ್ನು ನೋಡುವವಳಿಗೇ ಅದು ಬೇಕಾಗಿರುವುದು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಹಳೆಯ ಕಾರು ಕೊಂಡು ಮಾರುವುದೇ ಅವರ ಕಸುಬು. ಕಾರಿನ ವಿಷಯದಲ್ಲಿ ಅವರು ಹೇಳಿದ್ದೇ ವೇದವಾಕ್ಯ ಎಂದು ಅಕ್ಕನ ಮನೆಯ ಗೋಡೆಗಳೂ ಒಪ್ಪಿಕೊಂಡಿದ್ದವು.

ಅವರು ನನಗೆಂದು ಗೊತ್ತುಮಾಡಿದ್ದು ಒಂದು ಕೆಂಪು ಟರ್ಬೊ ಕಾರು. ಕಡಿಮೆ ಓಡಿದ್ದು, ಮುಖ ನೋಡಿಕೊಳ್ಳುವಷ್ಟು ಹೊಳಪು. ಬೆಳ್ಳಗಿರುವುದೆಲ್ಲ ಹಾಲಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ತಣ್ಣಗಿನ ಎಂಜಿನ್ ಮೊದಲು ಉಗುಳುವ ಹೊಗೆ ನಮ್ಮ ಕಣ್ಣಿಗೆ ಬೀಳಬಾರದೆಂದು ಮಾಲೀಕ ಮೊದಲೇ ಅದನ್ನು ಓಡಿಸಿಟ್ಟಿದ್ದ. ನಾಲ್ಕು ಟೈರೂ ನಾಲ್ಕು ಕಂಪನಿಯವು. ಬೇಡ ಎಂದೆ. ಭಾವನ ಮುಖ ಸಪ್ಪಗಾಯಿತು.

ನಾನು ಕೊಂಡದ್ದು ಅದೇ ಮಾದರಿಯ ಬೂದು ಬಣ್ಣದ ಕಾರು. ಒಬ್ಬ ನರ್ಸು ವರ್ಷಗಟ್ಟಲೆ ದಿನಾ ಡ್ಯೂಟಿಗೆ ಓಡಿಸಿದ್ದು. ಬಾಗಿಲ ಮೇಲೆ ಗೀರು, ಸೀಟಿನ ಅಂಚು ಸವೆದಿತ್ತು, ಕಿಲೋಮೀಟರು ಕೆಂಪು ಕಾರಿನ ಎರಡರಷ್ಟು. ಆದರೆ ಎಂಜಿನ್ ತಣ್ಣಗಿತ್ತು, ಒಂದೇ ತಿರುವಿಗೆ ಹೊತ್ತಿಕೊಂಡಿತು, ಹೊಗೆಯ ಸುಳಿವಿಲ್ಲ. ಬೀಗದ ಕೈ ಕೊಡುವಾಗ ಆಕೆಯ ಕಣ್ಣು ತುಂಬಿತ್ತು. ನನಗೆ ಅದಕ್ಕಿಂತ ದೊಡ್ಡ ಗ್ಯಾರಂಟಿ ಬೇಕಿರಲಿಲ್ಲ.

ಭಾವ ಇದನ್ನು ಎಲ್ಲರ ಮುಂದೆ ಪಂಥವಾಗಿಸಿದರು. "ಇಂಥ ಗಾಡಿ ದಿನಬಳಕೆಗೆ ಆಗಲ್ಲ ಕಣಮ್ಮ. ಯಾವತ್ತು ಇದು ಹಗ್ಗ ಕಟ್ಟಿಸ್ಕೊಂಡು ಬರುತ್ತೋ, ಅವತ್ತು ನಾನು ಹೇಳಿದ ರೇಟಿಗೆ ನನಗೆ ಕೊಟ್ಬಿಡಬೇಕು."

ಆಗಲಿ ಎಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ನನ್ನ ತಲೆಗಿಂತ ಮುಂದೆ.

ಅಂದಿನಿಂದ ಆ ಕಾರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಕಂಪನಿ ಹೇಳಿದ್ದಕ್ಕಿಂತ ಬೇಗ ಬೇಗ ಆಯಿಲ್ ಬದಲಿಸಿದೆ. ಎಂಜಿನ್ ಬಿಸಿಯಾಗುವ ತನಕ ಮೊಣಕಾಲು ನೋವಿನ ಅಜ್ಜಿಯನ್ನು ನಡೆಸುವಂತೆ ನಡೆಸಿದೆ. ಮನೆ ಮುಟ್ಟಿದ ಮೇಲೆ, ಎಂಜಿನ್ನಿಗೆ ಗಾಳಿ ನುಗ್ಗಿಸುವ ಟರ್ಬೊ ತಣಿಯಲೆಂದು ಎಂಜಿನ್ ಆರಿಸದೆ ಸ್ವಲ್ಪ ಹೊತ್ತು ಒಳಗೇ ಕೂತಿರುತ್ತಿದ್ದೆ. ಸೊಸೆಗೆ ಮನೆಯೊಳಗೆ ಬರಲು ಮನಸ್ಸಿಲ್ಲ ಎಂದು ಅತ್ತೆ ಬಹಳ ದಿನ ನೊಂದುಕೊಂಡಿದ್ದರಂತೆ. ತರಕಾರಿ ಚೀಲ, ಗ್ಯಾಸ್ ಸಿಲಿಂಡರು, ಅತ್ತೆಯ ಕಣ್ಣಿನ ಡಾಕ್ಟರು, ಎಲ್ಲಕ್ಕೂ ಅದೇ ಕಾರು. ಒಮ್ಮೆಯೂ ಕೈಕೊಡಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ನನ್ನ ಗಂಡನ ಕೈಯಲ್ಲೇ ಇತ್ತು.

ನಮ್ಮವರದು ಲಾಂಡ್ರಿ. ಕೊಳೆ ಕಂಡರೆ ಅವರ ಕೈ ಸುಮ್ಮನಿರದು. ಗುಡ್ಡದ ಮೇಲಿನ ಅಕ್ಕನ ಮನೆಗೆ ಊಟಕ್ಕೆ ಹೊರಡಬೇಕಾದ ಬೆಳಿಗ್ಗೆ, ನನ್ನನ್ನು ಖುಷಿಪಡಿಸಲೆಂದು ಬಾನೆಟ್ ತೆರೆದು, ಲಾಂಡ್ರಿಯ ಬಿಸಿನೀರಿನ ಪೈಪು ಹಿಡಿದು, ಸೋಪು ಹಾಕಿ ಎಂಜಿನ್ನನ್ನೇ ತೊಳೆದರು. ನನಗೆ ಹೇಳಲೂ ಇಲ್ಲ. ಏರು ಹತ್ತುವಾಗ ಕಾರು ಚಳಿಜ್ವರ ಬಂದಂತೆ ನಡುಗತೊಡಗಿತು, ಸ್ಟೀರಿಂಗಿನ ಮುಂದೆ ಎಂಜಿನ್ನಿನ ಎಚ್ಚರಿಕೆಯ ಹಳದಿ ದೀಪ ಮಿಟುಕಿತು. ಹಾಗೇ ಓಡಿಸಿದರೆ ಇನ್ನೇನೋ ಸುಡುತ್ತದೆ. ಪಕ್ಕಕ್ಕೆ ನಿಲ್ಲಿಸಿದೆ.

ಬಾನೆಟ್ ಎತ್ತಿದರೆ ಒಳಗೆಲ್ಲ ಫಳಫಳ, ಸೋಪಿನ ಘಮ. ನನಗೆ ನಖಶಿಖಾಂತ ಉರಿಯಿತು. ಅಷ್ಟರಲ್ಲಿ ಯಜಮಾನರು ಗಾಬರಿಯಲ್ಲಿ ಇನ್ನೊಂದು ಉಪಕಾರ ಮಾಡಿದ್ದರು. ಸಹಾಯಕ್ಕೆಂದು ಷಡ್ಡಕನಿಗೇ ಫೋನ್ ಮಾಡಿದ್ದರು. ಭಾವ ಸಂತೋಷದಿಂದ, ಜೀಪು ಮತ್ತು ಹಗ್ಗ ತರುತ್ತೇನೆ, ಅಲ್ಲೇ ಇರಿ ಎಂದರಂತೆ.

ಆ ಹಗ್ಗ ಬರುವಷ್ಟರಲ್ಲಿ ಹೊರಡದಿದ್ದರೆ ಪಂಥದಂತೆ ಕಾರು ಕೈಬಿಟ್ಟು ಹೋಗುತ್ತದೆ. ಅಳುತ್ತ ಕೂರಲು ಸಮಯವಿರಲಿಲ್ಲ. ಡಿಕ್ಕಿಯಿಂದ ಸ್ಪ್ಯಾನರು ತಂದು, ಎಂಜಿನ್ ಸ್ವಲ್ಪ ತಣಿದ ಮೇಲೆ, ಕಿಡಿಗೆ ಕರೆಂಟು ಕೊಡುವ ಕಾಯಿಲ್‌ಗಳನ್ನು ಬಿಚ್ಚಿದೆ. ಸ್ಪಾರ್ಕ್ ಪ್ಲಗ್ ಕೂರುವ ಆಳದ ಗುಂಡಿಗಳಲ್ಲಿ ನೀರು ನಿಂತಿತ್ತು. ಕಿಡಿ ಹಾರುವುದಾದರೂ ಹೇಗೆ? ಬೆರಳು ಅಷ್ಟು ಆಳ ಹೋಗದು. ಇಸ್ತ್ರಿ ಮಾಡಿದ ಯಜಮಾನರ ಕರವಸ್ತ್ರ ಕಿತ್ತುಕೊಂಡು ತುರುಕಿದೆ. ನೀರು ಅಲ್ಲೇ ಇತ್ತು.

"ಅದಕ್ಕೆ ಗಂಜಿ ಹಾಕಿದೆ, ನೀರು ಹೀರಲ್ಲ," ಎಂದರು ನಮ್ಮವರು. "ಬಟ್ಟೆ ವಿಷಯ ನನಗೆ ಬಿಡು."

ರಸ್ತೆಬದಿಯಲ್ಲೇ ಅಂಗಿ ಬಿಚ್ಚಿ, ಒಗೆದೊಗೆದು ಮೆತ್ತಗಾದ ತಮ್ಮ ಹಳೆಯ ಬನಿಯನ್ ತೆಗೆದರು. ಪಟ್ಟಿಪಟ್ಟಿಯಾಗಿ ಹರಿದು ದೀಪದ ಬತ್ತಿಯಂತೆ ಹೊಸೆದು ಗುಂಡಿಗೆ ಇಳಿಸಿದರು. ಬತ್ತಿ ನೀರು ಕುಡಿಯಿತು, ಅವರು ಹಿಂಡಿದರು, ಮತ್ತೆ ಇಳಿಸಿದರು. ನಾನು ಕಾಯಿಲ್‌ಗಳ ಬುಡ ಒರೆಸಿದೆ. ಅವರ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಎಲ್ಲ ಕೂರಿಸಿ ಬೀಗದ ಕೈ ತಿರುಗಿಸಿದೆ. ಎಂಜಿನ್ ಎರಡು ಸಲ ಕೆಮ್ಮಿತು, ಆಮೇಲೆ ಸರಾಗವಾಗಿ ಉಸಿರಾಡಿತು. ದೀಪ ಮಿಟುಕುವುದು ನಿಂತಿತು. ನಾವಿಬ್ಬರೂ ಮಕ್ಕಳಂತೆ ಕೂಗಿದೆವು.

ಏರಿನ ನಡುವೆ ಭಾವನ ಜೀಪು ಎದುರಿಗೆ ಇಳಿದು ಬಂತು. ಎರಡನೇ ಗೇರಿಗೆ ಹಾಕಿ ಪೆಡಲ್ ಒತ್ತಿದೆ. ಟರ್ಬೊ ಶಿಳ್ಳೆ ಹಾಕಿತು, ಬೆನ್ನು ಸೀಟಿಗೆ ಅಂಟಿತು, ಇಡೀ ಗುಡ್ಡ ನನ್ನದಾಯಿತು. ಕನ್ನಡಿಯಲ್ಲಿ ನೋಡಿದರೆ ಭಾವ ಜೀಪು ತಿರುಗಿಸಲು ಒದ್ದಾಡುತ್ತಿದ್ದರು.

ಅಕ್ಕನ ಅಂಗಳಕ್ಕೆ ಅವರು ಬಂದಾಗ ನಾನು ನೀರು ಕುಡಿದು ಮುಗಿಸಿದ್ದೆ. ಅವರು ಇಂಗು ತಿಂದ ಮಂಗನಂತೆ ನಿಂತದ್ದು ನೋಡಿ ನನಗೇ ಪಾಪ ಎನ್ನಿಸಿತು. ಇಷ್ಟು ದಿನ ನನ್ನ ಕಾರನ್ನು ಬೈದದ್ದೇ ಹೊರತು ಅವರು ಅದನ್ನು ಒಮ್ಮೆಯೂ ಓಡಿಸಿರಲಿಲ್ಲ. ಒಂದು ಸುತ್ತು ಹೋಗಿ ಬನ್ನಿ ಎಂದು ಬೀಗದ ಕೈ ಚಾಚಿದೆ.

ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಸಾರು ಆರಿತು, ಅಕ್ಕ ಗೊಣಗಿದಳು. ಕೊನೆಗೆ ಬಂದರು, ಕೂದಲು ಕೆದರಿತ್ತು, ಕಿವಿಯವರೆಗೆ ನಗು. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾವೇ ಮಡಿಚಿದರು.

"ಇದನ್ನ ಯಾರಿಗೂ ಕೊಡಬೇಡ," ಎಂದರು. "ನಾನು ಕೇಳಿದ್ರೂ ಕೊಡಬೇಡ."

ಜೀವಮಾನದಲ್ಲಿ ಮೊದಲ ಸಲ ನಾನು ಭಾವನಿಗೆ ಎದುರಾಡಲಿಲ್ಲ.