ಎರಡನೆಯ ಬ್ರೇಕು

ನನ್ನ ಷಡ್ಡಕನನ್ನು ಈ ಕೆಲಸಕ್ಕೆ ಎಳೆದು ತಂದವನು ನಾನೇ. ಬೆರಳು ತೋರಿಸಿದರೆ ಹಸ್ತ ನುಂಗುವ ಆಸಾಮಿ ಎಂದು ಆಗ ಯಾರಿಗೆ ಗೊತ್ತಿತ್ತು?

ಕಂಪ್ಯೂಟರ್ ಆಟಗಳ ಮಾಸಪತ್ರಿಕೆಯೊಂದರಲ್ಲಿ ಕಾರ್ ರೇಸಿನ ಆಟಗಳನ್ನು ಹೋಲಿಸಿ ಬರೆಯುವ ಪುಟ ನನ್ನದಾಗಿತ್ತು. ಹೊಟ್ಟೆಪಾಡಿಗೆ ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ನಿಜವಾದ ರಸ್ತೆ ಬಲ್ಲವನೇ ಆಟದ ರಸ್ತೆ ಎಷ್ಟು ನಿಜ ಎಂದು ಹೇಳಲಿ ಎಂಬುದು ಸಂಪಾದಕಿಯ ಆಲೋಚನೆ. ತಿರುವಿನಲ್ಲಿ ಕಾರಿನ ಭಾರ ಹೊರಗಾಲಿಗಳ ಮೇಲೆ ಬೀಳುತ್ತದೆಯೇ, ಬಿಸಿಯಾದ ಟೈರಿನ ಹಿಡಿತ ಬದಲಾಗುತ್ತದೆಯೇ, ಒದ್ದೆ ರಸ್ತೆಯಲ್ಲಿ ಸ್ಟೀರಿಂಗ್ ಹಗುರಾಗುತ್ತದೆಯೇ ಎಂದು ನಾನು ನೋಡುತ್ತಿದ್ದೆ. ಆಮೇಲೆ ಓದುಗರು, ‘ಅದೆಲ್ಲ ಸರಿ, ನಮ್ಮ ಹಳೇ ಕಂಪ್ಯೂಟರಿನಲ್ಲಿ ಇದು ತಡವರಿಸದೆ ಓಡುತ್ತದಾ?’ ಎಂದು ಕೇಳತೊಡಗಿದರು. ಅದು ನನಗೆ ಬಾರದ ವಿದ್ಯೆ. ಹೆಂಡತಿಯ ತಂಗಿಯ ಗಂಡನಿಗೆ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಪಾಪ, ಇರಲಿ ಎಂದು ಪುಟದ ಕೆಳಗೆ ಅಂಗೈಯಗಲ ಜಾಗ ಬಿಟ್ಟುಕೊಟ್ಟೆ.

ಅಂಗೈ ಬೆಳೆದು ಅರ್ಧ ಪುಟವಾಯಿತು. ನಾನು ಉದ್ದಕ್ಕೆ ಬರೆಯುತ್ತಿದ್ದೆ. ಅವನು, ‘ಧೂಳೆದ್ದಾಗ ಚಿತ್ರ ತೊದಲುತ್ತದೆ. ಸೆಟ್ಟಿಂಗಿನಲ್ಲಿ ನೆರಳು ಕಡಿಮೆ ಮಾಡಿಕೊಳ್ಳಿ, ಸರಿಹೋಗುತ್ತದೆ’ ಎಂದು ಮುಗಿಸುತ್ತಿದ್ದ. ಓದುಗರ ಪತ್ರಗಳೆಲ್ಲ ಅವನಿಗೇ. ಒಂದು ಸಲವಂತೂ, ‘ಕೈ ತಿರುಗಿಸಿ ಎಷ್ಟೋ ಹೊತ್ತಿನ ಮೇಲೆ ರಸ್ತೆ ತಿರುಗಿದರೆ ಅದು ಎಂಥ ನಿಜ?’ ಎಂದು ಬರೆದ. ಆ ವಾಕ್ಯ ನನಗೇಕೆ ಹೊಳೆಯಲಿಲ್ಲ ಎಂದು ಆ ವಾರವೆಲ್ಲ ಊಟ ರುಚಿಸಲಿಲ್ಲ. ಅದರ ಮೇಲೆ ನಮ್ಮ ಮಾವನವರು ಪತ್ರಿಕೆ ಮಡಿಸುತ್ತ, “ಚಿಕ್ಕಳಿಯಂದ್ರು ಬರೆದಿದ್ದು ನನ್ನಂಥವನಿಗೂ ಅರ್ಥ ಆಗುತ್ತಪ್ಪ. ನಿಮ್ಮದು ಸ್ವಲ್ಪ ಗಂಭೀರ,” ಎಂದುಬಿಟ್ಟರು. ಗಂಭೀರವಂತೆ! ನನ್ನ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತು.

ನಿಜ ಹೇಳುತ್ತೇನೆ, ಅವನ ತಪ್ಪು ಹುಡುಕಲೆಂದೇ ಅವನ ಬರಹವನ್ನು ಎರಡೆರಡು ಸಲ ಓದುತ್ತಿದ್ದೆ. ಸಿಗುತ್ತಿರಲಿಲ್ಲ. ಸಮಾಧಾನಕ್ಕೆ ನನಗೆ ಉಳಿದದ್ದು ಒಂದೇ: ಅವನಿಗೆ ಓಡಿಸಲು ಬರುವುದಿಲ್ಲ. ಆಟದಲ್ಲೂ ಅವನದು ಹಾಲಿನ ವ್ಯಾನಿನ ನಡೆ. ನನ್ನದು ಹಾಗಲ್ಲ. ಹಿಂದಿನ ಕೋಣೆಯಲ್ಲಿ ಗುಜರಿ ಕಾರಿನ ಸೀಟು ಕೂರಿಸಿ, ಮೇಜಿಗೆ ಸ್ಟೀರಿಂಗ್ ಬಿಗಿದು, ಪೆಡಲುಗಳು ಜಾರದಂತೆ ಗೋಡೆಗೆ ಒತ್ತಿ ಮರದ ತುಂಡು ಇಟ್ಟುಕೊಂಡಿದ್ದೇನೆ. ಆಟ ತೆರೆಯುವುದು, ಓಟ ರೆಕಾರ್ಡ್ ಮಾಡಿ ಷಡ್ಡಕನಿಗೆ ಕಳಿಸುವುದು ಹೆಂಡತಿಯ ಪಾಲು. ಸೀಟಿನಲ್ಲಿ ಕೂತ ಮೇಲೆ ನಾನು ಕೀಬೋರ್ಡ್ ಮುಟ್ಟುವವನಲ್ಲ. ಕಲಿಯುವವರು ತಪ್ಪಿದರೆ ಆಟವೇ ಸರಿಪಡಿಸಲೆಂದು ಆಟಗಳಲ್ಲಿ ಬ್ರೇಕಿಗೆ ನೆರವು, ತಿರುವಿಗೆ ನೆರವು ಎಂದೆಲ್ಲ ಕೊಟ್ಟಿರುತ್ತಾರೆ. ಅವನ್ನು ಹಾಕಿಕೊಂಡು ಆಡುವುದು ಅಮ್ಮನ ಸೆರಗು ಹಿಡಿದು ನಡೆದ ಹಾಗೆ ಎಂದು ಬರೆದವನು ನಾನು. ಕಪ್ಪು ಡಬ್ಬಿಯಲ್ಲಿ ಬರುವ ಕಟ್ಟುನಿಟ್ಟಿನ ಆಟವೊಂದನ್ನು ಹೊಗಳುತ್ತ, ‘ಇದರ ಬ್ರೇಕು ಪಾದದ ಮನಸ್ಸನ್ನೇ ಓದುತ್ತದೆ’ ಎಂದೂ ಬರೆದಿದ್ದೆ. ನನಗೆ ಬಹಳ ಇಷ್ಟದ ವಾಕ್ಯ ಅದು.

ಬ್ರೇಕಿನ ಮಾತು ಬಂತಲ್ಲ, ನಮ್ಮ ಸ್ಕೂಲಿನ ಕಾರಿನಲ್ಲಿ ಎರಡು ಬ್ರೇಕು. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಪಕ್ಕದಲ್ಲಿ ಕೂತ ನನ್ನ ಕಾಲ ಕೆಳಗೆ. ಹಸು ಅಡ್ಡ ಬಂದಾಗ ಮೆಲ್ಲಗೆ ಒತ್ತಿಬಿಡುತ್ತೇನೆ, ಕಾರು ನಿಲ್ಲುತ್ತದೆ. ಕಲಿಯುವವರು ಬೆವರೊರೆಸಿಕೊಂಡು, “ನೋಡಿದ್ರಾ ಸಾರ್, ಹೇಗೆ ನಿಲ್ಲಿಸಿದೆ!” ಎನ್ನುತ್ತಾರೆ. ನಾನು ಕಿಟಕಿಯಾಚೆ ನೋಡುತ್ತ, “ಶಹಬ್ಬಾಸ್” ಎನ್ನುತ್ತೇನೆ. ಮನೆಗೆ ಬಂದು ಹೆಂಡತಿಗೆ ಅದನ್ನೇ ನಟಿಸಿ ತೋರಿಸಿ ನಗುವುದು ನನ್ನ ಸಂಜೆಯ ಮನರಂಜನೆ.

ಹೋದ ವಾರ ಸಂಪಾದಕಿ ಇಬ್ಬರನ್ನೂ ಕರೆಸಿದರು. ಇನ್ನು ಮುಂದೆ ಆ ಪುಟಕ್ಕೆ ಒಬ್ಬರೇ ಸಾಕಂತೆ. “ಕಪ್ಪು ಡಬ್ಬಿಯ ಆಟ, ಕೆಂಪು ಡಬ್ಬಿಯ ಆಟ, ಎರಡನ್ನೂ ನನ್ನ ಮುಂದೆ ಓಡಿಸಿ, ಯಾವುದು ಹೇಗೆ ಅಂತ ಬಾಯಲ್ಲೇ ಹೇಳಿ. ಯಾರಿಗೆ ಪುಟ ಅಂತ ಇವತ್ತೇ ತೀರ್ಮಾನ,” ಎಂದರು. ಕಚೇರಿಯ ಕಂಪ್ಯೂಟರಿಗೆ ಆಟ ಹಾಕಿ, ಪೆಡಲುಗಳನ್ನು ಹೊಂದಿಸಿದವನು ಷಡ್ಡಕ. ನನ್ನ ಕಣ್ಣು ಅವನ ಕೈಯ ಮೇಲೇ ಇತ್ತು.

ಅವನೇ ಮೊದಲು ಓಡಿಸಿದ. ಅದೇ ಹಾಲಿನ ವ್ಯಾನು, ಆದರೆ ಎಲ್ಲೂ ತಾಗಲಿಲ್ಲ. “ಕಪ್ಪು ಡಬ್ಬೀದು ಹೆಚ್ಚು ನಿಜ ಮೇಡಂ, ಆದ್ರೆ ಕಾರು ಜಾಸ್ತಿಯಾದ್ರೆ ಉಸಿರು ಕಟ್ಟುತ್ತೆ. ಕೆಂಪು ಡಬ್ಬೀದು ಸ್ವಲ್ಪ ಸುಳ್ಳು ಹೇಳುತ್ತೆ, ಆದ್ರೆ ಓಟ ನಿಲ್ಲಿಸಲ್ಲ,” ಎಂದ. ಸಂಪಾದಕಿ ನಕ್ಕರು. ನನ್ನ ಮಾತಿಗೆ ಆಕೆ ಎಂದೂ ಹಾಗೆ ನಕ್ಕಿರಲಿಲ್ಲ.

ನಾನು ಕೂತೆ. ಕಪ್ಪು ಡಬ್ಬಿಯ ಆಟದ ಮೊದಲ ತಿರುವು, ನೂರಾರು ಸಲ ಓಡಿಸಿದ್ದು. ಯಾವಾಗಿನಂತೆ ಕೊನೆಯವರೆಗೂ ವೇಗ ಬಿಡದೆ ಹೋಗಿ ಬ್ರೇಕು ಒತ್ತಿದೆ. ಗಾಲಿಗಳು ತಿರುಗದೆ ಕಚ್ಚಿಕೊಂಡು ಕಾರು ನೆಟ್ಟಗೆ ರಸ್ತೆಯಾಚೆಯ ಮರಳಿಗೆ ನುಗ್ಗಿತು. ಮತ್ತೆ ಶುರು ಮಾಡಿದೆ, ಮತ್ತೆ ಮರಳು. ಕೆಂಪು ಡಬ್ಬಿಯ ಆಟದಲ್ಲಿ ಗೋಡೆ. ಡ್ರೈವಿಂಗ್ ಮೇಷ್ಟ್ರ ಕಿವಿ ಕೆಂಪಾಯಿತು.

“ಏನೋ ಮಾಡಿದಾನೆ ಮೇಡಂ ಇವನು! ಪೆಡಲ್ ಕೆಡಿಸಿದಾನೆ!” ಎಂದು ಕಿರುಚಿದೆ. “ನನ್ನ ಪುಟದ ಮೇಲೆ ಮೊದಲಿಂದ್ಲೂ ಇವನಿಗೆ ಕಣ್ಣು!”

ಷಡ್ಡಕ ನನ್ನನ್ನೊಮ್ಮೆ ನೋಡಿದ. ಆಮೇಲೆ ಸಂಪಾದಕಿಯ ಕಡೆ ತಿರುಗಿ, “ಇರಬಹುದು ಮೇಡಂ. ನಾನೇ ಸರಿಯಾಗಿ ಹೊಂದಿಸಲಿಲ್ಲ ಅನ್ಸುತ್ತೆ. ಭಾವ ಮನೇಲಿ ಹೀಗೆ ಓಡಿಸೋರಲ್ಲ,” ಎಂದ.

“ಪೆಡಲ್ ಹೊಂದಿಸೋಕೇ ಬರದವರು ಓದುಗರಿಗೆ ಏನು ಹೇಳ್ತೀರಿ?” ಎಂದು ಸಂಪಾದಕಿ ಪುಟವನ್ನು ನನಗೇ ಕೊಟ್ಟರು. ಅವನು ತಲೆಯಾಡಿಸಿ ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದ.

ಮನೆಗೆ ಬಂದು ಕಥೆಯನ್ನೆಲ್ಲ ಹೆಂಡತಿಗೆ ರಾಗವಾಗಿ ಹೇಳಿದೆ. “ಸಿಕ್ಕಿಬಿದ್ದ ಕಳ್ಳ!” ಎಂದೆ. ಅವಳು ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಅವರ ಮೇಲೆ ಯಾಕೆ ಹಾಕಿದ್ರಿ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

“ಯಾರು ಕುಣಿಯಲಾರದವರು?”

“ರೀ, ಇಲ್ಲಿನ ಆಟಗಳಲ್ಲೆಲ್ಲ ಬ್ರೇಕಿಗೆ ನೆರವು ಹಾಕಿರೋದು ನಾನು. ಮೊದಮೊದಲು ದಿನಾ ಗೋಡೆಗೆ ಗುದ್ದಿ, ಆ ಸಿಟ್ಟು ತಂದು ನನ್ನ ಮೇಲೆ ತೀರಿಸ್ತಿದ್ರಿ. ಊಟಕ್ಕೆ ಕೂತ್ರೂ ಮಾತಿಲ್ಲ. ಒಂದು ದಿನ ಆಟದ ಮೆನು ತೆರೆದು ನೆರವು ಹಾಕಿಬಿಟ್ಟೆ. ಅವತ್ತಿಂದ ಮನೆ ತಣ್ಣಗಿದೆ.”

ಪಾದದ ಮನಸ್ಸನ್ನು ಓದುತ್ತಿದ್ದದ್ದು ಬ್ರೇಕಲ್ಲ, ನನ್ನ ಹೆಂಡತಿ!

“ಒಂದು ಮಾತು ಹೇಳಬಾರದಿತ್ತಾ?”

“ನೀವೇ ತಾನೇ ದಿನಾ ಹೇಳೋದು? ಪಕ್ಕದವರು ಒತ್ತಿದ್ದು ಅಂತ ಗೊತ್ತಾದ್ರೆ ಕಲಿಯೋರಿಗೆ ಧೈರ್ಯ ಹೋಗುತ್ತೆ ಅಂತ.”

ಕೇಳಬಾರದೆಂದುಕೊಂಡರೂ ಕೇಳಿದೆ: “ಅವನಿಗೆ ಗೊತ್ತಿತ್ತಾ?”

“ಮೊದಲ ರೆಕಾರ್ಡಿಂಗ್ ನೋಡಿದಾಗಲೇ ಗೊತ್ತಾಗಿತ್ತು. ನನ್ನನ್ನ ಕೇಳಿದ್ರು. ಯಾರಿಗೂ ಹೇಳಬೇಡಿ ಅಂದೆ. ಇವತ್ತಿನವರೆಗೂ ಹೇಳಿಲ್ಲ.”

ನಾಚಿಕೆ ಆಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಹೊಟ್ಟೆಯಲ್ಲಿ ಅದೇ ಹಳೆಯ ಒಲೆ ಮತ್ತಷ್ಟು ಜೋರಾಗಿ ಉರಿಯಿತು. ಬರೆಯುವುದರಲ್ಲಿ ಗೆದ್ದ, ಮಾವನವರ ಹತ್ತಿರ ಗೆದ್ದ, ಈಗ ಒಳ್ಳೆಯತನದಲ್ಲೂ ನನಗಿಂತ ಮುಂದೆ ಹೋಗಿ ಕೂತಿದ್ದಾನೆ. ನನ್ನ ಕೈಯಲ್ಲಿ ಈಗ ಇರುವುದು ಅವನು ಬಿಟ್ಟುಕೊಟ್ಟ ಪುಟ. ಇದನ್ನು ಇಟ್ಟುಕೊಂಡು ಅವನೆದುರು ಹೇಗೆ ಕೂರಲಿ?

ಫೋನ್ ತೆಗೆದು ಸಂಪಾದಕಿಗೆ ಹಚ್ಚಿದೆ.

“ಮೇಡಂ, ಪೆಡಲ್ ಸರಿಯಾಗೇ ಇತ್ತು. ಅವನು ಏನೂ ಕೆಡಿಸಿಲ್ಲ. ನನಗೇ ಬ್ರೇಕ್ ಹಾಕೋಕೆ ಬರಲ್ಲ. ಪುಟ ಅವನಿಗೆ ಕೊಡಿ.”

ಸಂಪಾದಕಿ ಅದನ್ನು ಇನ್ನೊಮ್ಮೆ ಹೇಳಿಸಿ ಕೇಳಿದರು. ಡ್ರೈವಿಂಗ್ ಮೇಷ್ಟ್ರೊಬ್ಬನಿಂದ ಆಕೆ ಅಂಥ ಮಾತು ಕೇಳಿದ್ದು ಅದೇ ಮೊದಲಿರಬೇಕು. ಆಗಲಿ ಎಂದರು. ಫೋನಿಟ್ಟ ಮೇಲೆ ಹೆಂಡತಿಯತ್ತ ತಿರುಗಿ, “ಈಗ ಹೇಳು, ಯಾರು ದೊಡ್ಡವರು? ನಾನೋ, ಅವನೋ?” ಎಂದೆ.

ಅವಳು ಮಡಿಸಿದ ಬಟ್ಟೆಗಳನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತಳು. “ಅಯ್ಯೋ ದೇವರೇ, ಇದರಲ್ಲೂ ರೇಸಾ?” ಎಂದು ಒಳಗೆ ಹೋದಳು.