ಮೂಕಾಂಬುವಿನ ಕೇಳುವ ಪೆಟ್ಟಿಗೆ

ನಾನು ಒಂದು ಸ್ಕ್ಯಾನರ್ ರೇಡಿಯೋ. ಅಂಗೈಗಿಂತ ತುಸು ಉದ್ದ, ತಲೆಯ ಮೇಲೆ ಗೇಣುದ್ದದ ರಬ್ಬರಿನ ಆಂಟೆನಾ. ಹಾಡು ಹೇಳಲು ನನಗೆ ಬರುವುದಿಲ್ಲ, ವಾರ್ತೆ ಓದಲೂ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ರೇಡಿಯೋ ಎಂದೊಡನೆ ಜನ ಹಾಡು ಹಾಕು ಎನ್ನುತ್ತಾರೆ. ವೈರ್‌ಲೆಸ್ಸಿನವರು ಗಾಳಿಯಲ್ಲಿ ಆಡುವ ಮಾತನ್ನು ಒಂದೊಂದೇ ಚಾನೆಲ್ ತಿರುವುತ್ತ ಹುಡುಕುವುದು, ಮಾತು ಸಿಕ್ಕಲ್ಲಿ ನಿಲ್ಲುವುದು, ಸಿಕ್ಕಿದ್ದನ್ನು ಕೇಳಿಸುವುದು, ಇಷ್ಟೇ ನನ್ನ ಕಸುಬು. ತಿರುಗಿ ಒಂದು ಮಾತಾಡಲಾರೆ. ಬಾಯಿದ್ದವನು ಬದುಕಿದ ಎನ್ನುತ್ತಾರೆ. ಬಾಯಿಲ್ಲದೆಯೂ ನಾನು ಇಪ್ಪತ್ತು ವರ್ಷ ಚೆನ್ನಾಗಿಯೇ ಬದುಕಿದ್ದೇನೆ.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಟೊಪ್ಪಿಯ ಹೆಂಗಸೊಬ್ಬಳು ಕೊನೆಯ ತಿರುಪು ಬಿಗಿದು ಗುಂಡಿ ತಿರುಗಿಸಿದಳು. ನಾನು 'ಶ್...' ಎಂದೆ. ಹುಟ್ಟಿದ ಮಗು ಅತ್ತರೆ ಸೂಲಗಿತ್ತಿ ನಗುವಂತೆ ಅವಳು ನಕ್ಕಳು. ಆಮೇಲೆ ಡಬ್ಬಿ, ಹಡಗು, ಮುಂಬೈಯ ಒಂದು ಅಂಗಡಿಯ ಗಾಜಿನ ಕಪಾಟು.

ಅಲ್ಲಿಂದ ನನ್ನನ್ನು ಕೊಂಡವರು ಪಾಸ್ಕಲ್ ಅಲ್ಮೇಡರು. ಸರಕು ಹಡಗುಗಳಲ್ಲಿ ಮೂವತ್ತು ವರ್ಷ ವೈರ್‌ಲೆಸ್ ಆಫೀಸರಾಗಿದ್ದು, ನಿವೃತ್ತರಾಗಿ ಗಂಗೊಳ್ಳಿಗೆ ಬಂದು ನೆಲೆಸಿದವರು. ನೆಲದ ಮೇಲೆ ಅವರಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ನನ್ನ ಜೊತೆ ಇನ್ನೆರಡು ಸ್ಕ್ಯಾನರುಗಳೂ ಆ ಮನೆಯಲ್ಲಿದ್ದವು. ಮಧ್ಯಾಹ್ನವೆಲ್ಲ ಹಡಗು, ವಿಮಾನ, ಮೀನುಗಾರಿಕೆಯ ಬೋಟುಗಳ ಮಾತು ಕೇಳುತ್ತ ಅವರು ಆರಾಮಕುರ್ಚಿಯಲ್ಲಿ ತೂಗುತ್ತಿದ್ದರು. ಎಂಟು ವರ್ಷ ಹೀಗೆ ಕಳೆಯಿತು. ಆಮೇಲೆ ಅವರ ಕಿವಿ ಮಂದವಾಗತೊಡಗಿತು. ನಾನು ಕಿರುಚಿದರೂ ಅವರಿಗೆ ಪಿಸುಮಾತು.

ಆ ಮನೆಯ ಬಾಗಿಲಿಗೆ ದಿನವೂ ಮೀನು ತರುತ್ತಿದ್ದವಳು ಮೂಕಾಂಬು. ನಲವತ್ತರ ಆಸುಪಾಸು, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಒಂದು ದಿನ ಅವಳು ಜಗಲಿಯಲ್ಲಿ ಬುಟ್ಟಿ ಇಳಿಸಿದಾಗ ನಾನು ಬೋಟುಗಳ ಮಾತು ಕೇಳಿಸುತ್ತಿದ್ದೆ. ಅವಳು ತಟ್ಟನೆ ಕಿವಿ ನಿಮಿರಿಸಿದಳು. ಅದು ಅವಳ ಗಂಡ ಹೆರಿಯ ಮೊಗವೀರನ ಸ್ವರ. ಹೆರಿಯ 'ಬೊಬ್ಬರ್ಯ ಪ್ರಸಾದ' ಎಂಬ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಕಡಲಿಗೆ ಹೋದ ಗಂಡನ ದನಿಯನ್ನು ಅವಳು ದಡದಲ್ಲಿ ನಿಂತು ಕೇಳಿದ್ದು ಅದೇ ಮೊದಲು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆವರೋ ಇನ್ನೇನೋ, ನಾನು ಕೇಳುವ ಯಂತ್ರ, ನೋಡುವ ಯಂತ್ರವಲ್ಲ.

ಕಿವಿ ಹೋದವನಿಗೆ ಇವೆಲ್ಲ ಯಾಕೆ, ಒಂದನ್ನು ನೀನೇ ಇಟ್ಟುಕೋ ಎಂದು ಅಲ್ಮೇಡರು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ ನಾವು ಕೂತೆವು. ಒಂದರ ಮೈತುಂಬ ಗುಂಡಿ, ಬಣ್ಣದ ಪರದೆ, ಸಾವಿರ ಚಾನೆಲ್. ಇನ್ನೊಂದು ಬೀಡಿಕಟ್ಟಿನಷ್ಟು ತೆಳ್ಳಗೆ, ಗೋಡೆಗೆ ಚುಚ್ಚಿ ಚಾರ್ಜು ಮಾಡಬೇಕಾದದ್ದು. ಮೂರನೆಯವನು ನಾನು, ದಪ್ಪ, ಗೀರು ಬಿದ್ದವ. ಅಲ್ಮೇಡರು ಮೊದಲನೆಯದರ ಗುಣಗಾನ ಮಾಡಿದರು. ಅವಳು ಮೀನಿನ ಕೈಯಲ್ಲೇ ಒಂದೊಂದನ್ನೂ ಎತ್ತಿ ನೋಡಿದಳು. ಸಣ್ಣ ಗುಂಡಿಗಳ ಮೇಲೆ ಬೆರಳು ಜಾರಿತು. ನನ್ನ ತಿರುಗಿಸುವ ಗುಂಡಿ ಮಾತ್ರ ಒದ್ದೆ ಕೈಗೂ 'ಟಕ್' ಎಂದು ಸಿಕ್ಕಿತು. ಎಂಥ ಸೆಲ್ಲು ಎಂದು ಕೇಳಿದಳು. ಪೆನ್ಸಿಲ್ ಸೆಲ್ಲು, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ ಎಂದರು ಅಲ್ಮೇಡರು.

"ಇದೇ ಅಕ್ಕು ಸಾರ್. ಗಾಳಿ ಬಂದ್ರೆ ಮೊದ್ಲ್ ಹೋಪ್ದೇ ಕರೆಂಟ್," ಎಂದು ಅವಳು ನನ್ನನ್ನೇ ಆರಿಸಿಕೊಂಡಳು.

ಇದು ಮಾತಾಡುವುದಿಲ್ಲ, ಬರೀ ಕೇಳುತ್ತದೆ, ಗೊತ್ತಲ್ಲ ಎಂದು ಅಲ್ಮೇಡರು ಎಚ್ಚರಿಸಿದರು. ಮಾತಾಡಲು ತನಗೆ ಬಾಯಿ ಇದೆ ಎಂದು ಅವಳು ನಕ್ಕಳು. ಪರವಾನಗಿಯ ಕಾಗದಪತ್ರವನ್ನು ಅವರು ಬೋಟಿನವರ ಸಂಘದ ಹೆಸರಿಗೆ ಮಾಡಿಸಿಕೊಟ್ಟರು. ನಾನು ಪ್ಲಾಸ್ಟಿಕ್ ಚೀಲದೊಳಗೆ, ಬಂಗುಡೆ ಮೀನಿನ ಬುಟ್ಟಿಯ ಅಂಚಿನಲ್ಲಿ ಕೂತು ಹೊಸ ಮನೆಗೆ ಹೊರಟೆ. ವಾಸನೆಯ ಬಗ್ಗೆ ನಾನೇನೂ ಹೇಳುವುದಿಲ್ಲ.

ಮೂಕಾಂಬುವಿನ ಮನೆಯಲ್ಲಿ ನನಗೆ ದಿನವೂ ಕೆಲಸ. ಮೂರು ಗಂಟೆಗೆ ಬೋಟುಗಳು ದಡಕ್ಕೆ ತಿರುಗುವಾಗ ತಾಂಡೇಲರು ಒಬ್ಬರಿಗೊಬ್ಬರು ಮಾತಾಡುತ್ತಾರೆ. ಅದನ್ನು ಕೇಳಿ ಅವಳು ಯಾವ ಬುಟ್ಟಿ ಹಿಡಿಯಬೇಕು, ಎಷ್ಟು ಮಂಜುಗಡ್ಡೆ ಬೇಕು ಎಂದು ಲೆಕ್ಕ ಹಾಕಿ ಬಂದರಿಗೆ ಹೋಗುತ್ತಿದ್ದಳು. ನೆರೆಯ ಹೆಂಗಸರು ನನಗೆ 'ಕೇಂಬು ಪೆಟ್ಟಿಗೆ', ಅಂದರೆ ಕೇಳುವ ಪೆಟ್ಟಿಗೆ, ಎಂದು ಹೆಸರಿಟ್ಟರು.

ಆದರೆ ಆ ಮಾತುಗಳಲ್ಲಿ ಅರ್ಧಕ್ಕರ್ಧ ಸುಳ್ಳು. ಇದು ಕಡಲಿನ ರೂಢಿ. ಬಲೆ ತುಂಬಿದವನು ಬರೀ ಕಸ ಬಂತು ಎನ್ನುತ್ತಾನೆ. ತೆಂಕಣಕ್ಕೆ ಇದ್ದವನು ಬಡಗಣಕ್ಕೆ ಇದ್ದೇನೆ ಎನ್ನುತ್ತಾನೆ. ಇಲ್ಲದಿದ್ದರೆ ಗಳಿಗೆಯೊಳಗೆ ಹತ್ತು ಬೋಟು ಬಂದು ಮುತ್ತಿಕೊಳ್ಳುತ್ತವೆ. ಸುಳ್ಳಿನಲ್ಲಿ ಹೆರಿಯನನ್ನು ಮೀರಿಸುವವರಿರಲಿಲ್ಲ. ಊರಿಗೆ ಹತ್ತಿರ, ತೆಂಕಣದ ಕಡಲಿನಲ್ಲಿ ಅವನಿಗೊಂದು ಗುಟ್ಟಿನ ಜಾಗವಿತ್ತು. ಹನ್ನೆರಡು ಮಾರು ನೀರಿನ ತಳದಲ್ಲಿ ಯಾವುದೋ ಕಾಲದ ಹಡಗು ಮುಳುಗಿ ಕೂತಿತ್ತು, ಅದರ ಸುತ್ತ ಮೀನು ಕಿಕ್ಕಿರಿದಿರುತ್ತಿತ್ತು. ಅಜ್ಜ ಅಪ್ಪನಿಗೆ, ಅಪ್ಪ ಹೆರಿಯನಿಗೆ ತೋರಿಸಿದ ಜಾಗ. ಕೊಡಚಾದ್ರಿಯ ತುದಿ ಐಸ್ ಫ್ಯಾಕ್ಟರಿಯ ಟಾಂಕಿಯ ನೇರಕ್ಕೆ ಬರಬೇಕು, ತೆಂಕಣದ ದೀಪಸ್ತಂಭ ಬಂಡೆಯ ಮರೆಗೆ ಹೋಗಬೇಕು, ಅಲ್ಲಿ ಲಂಗರು. ಇದನ್ನು ಅವನು ಹೆಂಡತಿಗೆ ಮಾತ್ರ ಹೇಳಿದ್ದ, ಅವಳ ಕೈಯಲ್ಲಿ ಆಣೆ ಹಾಕಿಸಿಕೊಂಡೇ ಹೇಳಿದ್ದ.

ನನಗೆ ಮಾತ್ರ ಅವನು ಸಿಕ್ಕಿಬೀಳುತ್ತಿದ್ದ. ಬೋಟುಗಳಿಗೆ ಎತ್ತರದ ಆಂಟೆನಾ ಇರುತ್ತದೆ, ಅವಕ್ಕೆ ದೂರದ ಮಾತೂ ಹತ್ತಿರದ ಮಾತೂ ಒಂದೇ ಸಮ ಕೇಳಿಸುತ್ತದೆ. ನನ್ನದು ಗೇಣುದ್ದದ ಬಾಲ. ದೂರದ ಬಡಗಣದ ಭಟ್ಕಳದ ಕಡೆಯ ಮಾತು ನನಗೆ ಚರಚರ ಎಂದೇ ಬರುತ್ತದೆ, ಹತ್ತಿರದ್ದು ಮಾತ್ರ ಸ್ವಚ್ಛ. 'ಭಟ್ಕಳದ ಎದುರಿಗಿದ್ದೇನೆ' ಎಂದು ಹೆರಿಯ ಗಂಟೆ ಬಾರಿಸಿದ ಹಾಗೆ ಹೇಳಿದಾಗಲೆಲ್ಲ ಮೂಕಾಂಬು ನನ್ನ ಬೆನ್ನು ತಟ್ಟಿ ನಗುತ್ತಿದ್ದಳು. ನನ್ನ ಕುಂದೇ ನನ್ನ ಜಾಣತನವಾಗಿತ್ತು, ಆದರೆ ಅದು ಮನೆಯೊಳಗಿನ ತಮಾಷೆಯಾಗಿಯೇ ಉಳಿದಿತ್ತು.

ದೀಪಾವಳಿಗೆ ಹತ್ತು ದಿನವಿದ್ದಾಗ ತೂಫಾನು ಬಂತು. ಸಂಜೆಯೊಳಗೆ ದಡ ಸೇರಿ ಎಂದು ಹಿಂದಿನ ದಿನವೇ ಸೂಚನೆ ಬಂದಿತ್ತು. ಆದರೆ ಸಂಜೆಗೆ ಮುಂಚೆ ಇನ್ನೊಂದು ಬಲೆ ಬಿಡಬಹುದಲ್ಲ ಎಂಬ ಆಸೆ ಯಾವ ತಾಂಡೇಲನನ್ನು ಬಿಟ್ಟಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಹೆರಿಯನ ಸ್ವರ ಬಂತು. ಭಟ್ಕಳದ ಎದುರಿಗಿದ್ದೇನೆ, ಬಲೆಗೆ ಬರೀ ಕಸ, ಈಗ ಹೊರಡುತ್ತೇನೆ ಎಂದ. ಎಲ್ಲ ಬೋಟುಗಳಿಗೂ ಅದು ಕೇಳಿಸಿತು. ಆಮೇಲೆ ಅವನ ಸ್ವರ ಬರಲಿಲ್ಲ.

ಎರಡು ಗಂಟೆಗೆ ಗಾಳಿ ಎದ್ದಿತು. ಕರೆಂಟು ಹೋಯಿತು, ಮೊಬೈಲೂ ಸತ್ತಿತು. ಮೂರೂವರೆಗೆ ಬೋಟುಗಳೆಲ್ಲ ಬಂದರು ಸೇರಿದವು, ಬೊಬ್ಬರ್ಯ ಪ್ರಸಾದ ಒಂದನ್ನು ಬಿಟ್ಟು. ಅದರಲ್ಲಿ ಆರು ಜನ. ಕರಾವಳಿ ಕಾವಲಿನವರಿಗೆ ಸುದ್ದಿ ಮುಟ್ಟಿತ್ತು, ಅವರ ಹಡಗು ದೂರದಿಂದ ಬರಬೇಕಿತ್ತು. ಕತ್ತಲಾಗಲು ಎರಡೂವರೆ ಗಂಟೆ ಉಳಿದಿತ್ತು. ಬೋಟಿನವರ ಸಂಘದ ಅಧ್ಯಕ್ಷ ಗೋವಿಂದ ಪುತ್ರನ್, ತಾನೂ ತಾಂಡೇಲನೇ, ಗಟ್ಟಿಯಾದ ಎರಡು ಬೋಟು ಹೊರಡಿಸಿದ. ಭಟ್ಕಳದ ಕಡೆಗೆ ಹೋಗುವುದೆಂದು ತೀರ್ಮಾನವಾಯಿತು. ಹೆರಿಯನೇ ಬಾಯಾರೆ ಹೇಳಿದ್ದನ್ನು ಎಲ್ಲರೂ ಕೇಳಿದ್ದರಲ್ಲ. ಒಮ್ಮೆ ಬಡಗಣಕ್ಕೆ ಹೋದರೆ ಆ ಗಾಳಿಯಲ್ಲಿ ತಿರುಗಿ ತೆಂಕಣ ಹುಡುಕುವಷ್ಟು ಹೊತ್ತಿರಲಿಲ್ಲ.

ಮೂಕಾಂಬು ಧಕ್ಕೆಯ ಮೇಲೆ, ಬೋಟು ಕಟ್ಟುವ ಕಟ್ಟೆಯಲ್ಲಿ, ನಿಂತಿದ್ದಳು. ನಾನು ಅವಳ ಮುಷ್ಟಿಯಲ್ಲಿದ್ದೆ. ಹೇಳಿದರೆ ಮೂರು ತಲೆಮಾರಿನ ಅನ್ನದ ಜಾಗ ಊರಿನ ಪಾಲು. ಆಣೆ ಮುರಿದಂತೆ. ಗಂಡ ಇಷ್ಟು ವರ್ಷ ತನ್ನವರಿಗೇ ಸುಳ್ಳು ಹೇಳಿದನೆಂದು ನಾಲ್ಕು ಜನರೆದುರು ಹೆಂಡತಿಯೇ ಸಾರಿದಂತೆ. ಅಷ್ಟಲ್ಲದೆ, ಅವನು ಅದೊಂದು ದಿನ ನಿಜ ಹೇಳಿದ್ದರೆ? ಹಾಗಿದ್ದರೆ ಬೋಟುಗಳನ್ನು ದಾರಿ ತಪ್ಪಿಸಿ ಆರು ಜನರನ್ನು ಅವಳೇ ಮುಳುಗಿಸಿದಂತೆ. ನಾನು ಎಷ್ಟು ಚಡಪಡಿಸಿದೆನೋ ನನಗೇ ಗೊತ್ತು. ಮಧ್ಯಾಹ್ನ ಆ ಸ್ವರ ಹೇಗೆ ಬಂದಿತ್ತೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

ಗೋವಿಂದ ಹಗ್ಗ ಬಿಚ್ಚುವಷ್ಟರಲ್ಲಿ ಅವಳು ನುಗ್ಗಿ ಬೋಟಿನ ಅಂಚು ಹಿಡಿದಳು.

"ಅವ್ರ್ ಭಟ್ಕಳ ಬದಿಗಿಲ್ಲ ಗೋವಿಂದಣ್ಣ. ಅಲ್ಲಿನ್ ಮಾತ್ ಇದ್ರಗೆ ಚರಚರ ಅಂತ್. ಮಧ್ಯಾಹ್ನ ಅವ್ರ್ ಸ್ವರ ಪಕ್ಕದ್ ಮನಿಯಗೆ ಮಾತಾಡ್ದಂಗೆ ಇದ್ದಿತ್. ತೆಂಕಕ್ಕ್ ಹೋಯ್ನಿ."

ಆಮೇಲೆ ಕೊಡಚಾದ್ರಿ, ಟಾಂಕಿ, ದೀಪಸ್ತಂಭ, ಬಂಡೆ, ಹನ್ನೆರಡು ಮಾರು, ಎಲ್ಲವನ್ನೂ ಗಾಳಿಗಿಂತ ಗಟ್ಟಿಯಾಗಿ ಕೂಗಿ ಹೇಳಿದಳು. ಹೆರಿಯನ ಮಾತು ನಂಬಿ ಗೋವಿಂದ ಎಷ್ಟೋ ಸಲ ಬಡಗಣಕ್ಕೆ ಹೋಗಿ ಬರಿಗೈಯಲ್ಲಿ ಬಂದಿದ್ದ. ಅವನ ಮುಖ ಕೆಂಪಾಗಿದ್ದಿರಬೇಕು. ಆದರೆ ಅವನು ಜಗಳಕ್ಕೆ ನಿಲ್ಲಲಿಲ್ಲ. ನನ್ನನ್ನು ಕೈಗೆ ತೆಗೆದುಕೊಂಡು ಒಮ್ಮೆ ಕಿವಿಗಿಟ್ಟ. ಆಗಷ್ಟೇ ಭಟ್ಕಳದ ಯಾವುದೋ ಬೋಟಿನವನು ಮಾತಾಡುತ್ತಿದ್ದ. ನಾನು ನನ್ನ ಜೀವಮಾನದಲ್ಲೇ ಅತಿ ಕೆಟ್ಟದಾಗಿ ಚರಚರ ಎಂದೆ. ಅವನು ನನ್ನನ್ನು ಅವಳಿಗೆ ಹಿಂದಿರುಗಿಸಿ ಚುಕ್ಕಾಣಿಯನ್ನು ತೆಂಕಣಕ್ಕೆ ತಿರುಗಿಸಿದ.

ಆಮೇಲಿನ ಎರಡು ಗಂಟೆಯನ್ನು ನಾನು ಹೇಗೆ ವಿವರಿಸಲಿ. ಆರು ಮನೆಯ ಹೆಂಗಸರು ಮೀನು ಹರಾಜಿನ ಕಟ್ಟೆಯ ಸೂರಿನಡಿ ನನ್ನ ಸುತ್ತ ಕೂತಿದ್ದರು. ನಾನು ಚಾನೆಲ್ ತಿರುವುತ್ತಲೇ ಇದ್ದೆ, ತಿರುವುತ್ತಲೇ ಇದ್ದೆ. ಒಬ್ಬಳು ಕಡಲ ದೈವ ಬೊಬ್ಬರ್ಯನಿಗೆ ಹರಕೆ ಹೇಳಿಕೊಂಡಳು. ನನ್ನ ಸೆಲ್ಲು ಸೋತಾಗ ಮೂಕಾಂಬು ಓಡಿ ಮೂಲೆಯ ಗೂಡಂಗಡಿಯಿಂದ ಹೊಸದು ತಂದು ಹಾಕಿದಳು. ಪಡುವಣದಲ್ಲಿ ಬೆಳಕು ಇನ್ನೂ ಒಂದು ಗೆರೆ ಉಳಿದಿದೆ ಎಂದು ಯಾರೋ ಹೇಳುತ್ತಿರುವಾಗಲೇ ಗೋವಿಂದನ ಸ್ವರ ಸಿಕ್ಕಿತು. ನಾನು ಗಬಕ್ಕನೆ ಹಿಡಿದು ನಿಂತೆ.

"ಸಿಕ್ತ್. ಆರ್ ಜನವೂ ಇದ್ರ್. ಹಗ್ಗ ಕಟ್ಟಿ ಆಯ್ತ್."

ಹೋದ ಜೀವ ಬಂದಂತಾಯಿತು, ಅವರಿಗೂ ನನಗೂ. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಮೂಕಾಂಬು ಅಳಲಿಲ್ಲ. ನೆಲದಲ್ಲಿ ಕಾಲು ಚಾಚಿ ಕೂತು, ಚಹಾ ಸಿಗಬಹುದೇ ಎಂದು ಕೇಳಿದಳು.

ನಡೆದದ್ದು ಇಷ್ಟು: ಹೊರಡುವ ಹೊತ್ತಿಗೆ ಬೋಟಿನ ತಳದಲ್ಲಿ ನೀರು ತಳ್ಳುವ ಫ್ಯಾನಿಗೆ ಬಲೆ ಸುತ್ತಿ ಎಂಜಿನ್ ನಿಂತಿತ್ತು. ಒಂದು ತೆರೆ ಒಳನುಗ್ಗಿ ವೈರ್‌ಲೆಸ್ ಸೆಟ್ಟನ್ನೂ ತೋಯಿಸಿತ್ತು. ಲಂಗರು ಹೇಗೋ ಹಡಗಿನ ಅವಶೇಷಕ್ಕೆ ಕಚ್ಚಿಕೊಂಡು ಬೋಟನ್ನು ಅಲ್ಲೇ ಹಿಡಿದಿಟ್ಟಿತ್ತು.

ಹೆರಿಯ ದಡಕ್ಕೆ ಬಂದ, ಬಿಸಿ ಗಂಜಿ ಉಂಡ, ಹೆಂಡತಿಯೊಡನೆ ಒಂದು ಮಾತಾಡಲಿಲ್ಲ. ಊರೆಲ್ಲ ಅವನನ್ನು 'ಭಟ್ಕಳ ಹೆರಿಯಣ್ಣ' ಎಂದು ಛೇಡಿಸಿತು. ವಾರದೊಳಗೆ ಹದಿನೈದು ಬೋಟು ಅವನ ಜಾಗದಲ್ಲಿ ಬಲೆ ಬಿಟ್ಟವು. ಅವನು ಉಣ್ಣುತ್ತಿದ್ದ, ಮಲಗುತ್ತಿದ್ದ, ಗೋಡೆಯೊಡನೆ ಮಾತಾಡುತ್ತಿದ್ದ. ಅವಳೂ ಬಗ್ಗಲಿಲ್ಲ. ನೀರುಪಾಲಾದ ಗಂಡನ ಪ್ರೀತಿಗಿಂತ ಎದುರು ಕೂತ ಗಂಡನ ಸಿಟ್ಟೇ ವಾಸಿ ಎಂದು ನೆರೆಯವಳ ಹತ್ತಿರ ಹೇಳಿದಳು. ಹೀಗೆ ಇಪ್ಪತ್ತು ದಿನ. ಮೌನವನ್ನು ಹಿಡಿಯುವ ಚಾನೆಲ್ ನನ್ನಲ್ಲಿಲ್ಲ, ಆದ್ದರಿಂದ ಆ ದಿನಗಳು ನನಗೆ ಬಹಳ ಬೇಸರವಾಗಿದ್ದವು.

ಬೋಟು ರಿಪೇರಿಯಾಗಿ ಅವನು ಮತ್ತೆ ಕಡಲಿಗೆ ಹೋದ ಮೊದಲ ದಿನ. ಮಧ್ಯಾಹ್ನ ಅವಳು ಮೀನು ಹೆಚ್ಚುತ್ತಿದ್ದಳು, ನಾನು ಒಲೆಯ ಪಕ್ಕದ ಹಲಗೆಯ ಮೇಲಿದ್ದೆ. ಹೆಂಡತಿಯ ಹೆಸರನ್ನು ಮನೆಯೊಳಗೂ ಹಿಡಿದು ಕರೆಯದ ಗಂಡಸು, ಇಡೀ ಕಡಲು ಕೇಳುವ ಚಾನೆಲ್ಲಿನಲ್ಲಿ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಮೂಕಾಂಬು, ನಾನ್ ಈಗ ಮುಳ್ಗಿದ್ ಹಡಗಿನ್ ಹತ್ರವೇ ಇದ್ದೆ. ನಾಲ್ಕ್ ಗಂಟಿಗ್ ಬತ್ತೆ."

ಆಮೇಲೆ ಗೋವಿಂದ ತಾನಿರುವ ಜಾಗ ಹೇಳಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಅಂದಿನಿಂದ ದಿನವೂ ಆ ಹೊತ್ತಿಗೆ ಎಲ್ಲ ಬೋಟುಗಳೂ ತಮ್ಮ ಜಾಗವನ್ನು ನಿಜ ಹೇಳತೊಡಗಿದವು. ಎಷ್ಟು ಮೀನು ಸಿಕ್ಕಿತೆಂಬುದರಲ್ಲಿ ಇಂದಿಗೂ ಹಸಿ ಸುಳ್ಳೇ, ಅದನ್ನು ಬಿಡು ಎಂದರೆ ಅವರು ಕಸುಬನ್ನೇ ಬಿಟ್ಟಾರು.

ಈಗ ನಾನು ಮುದಿಯಾಗಿದ್ದೇನೆ. ಸೆಲ್ಲಿನ ಗೂಡನ್ನು ಉಪ್ಪು ತಿಂದಿದೆ, ಸ್ವರ ಮೂಗಿನಿಂದ ಬರುತ್ತದೆ. ಸಂಘದವರು ದೊಡ್ಡ ಸೆಟ್ಟೊಂದನ್ನು ಕಚೇರಿಯಲ್ಲಿಟ್ಟ ಮೇಲೆ ನನಗೆ ಹಲಗೆಯ ಮೂಲೆಯಲ್ಲಿ ವಿಶ್ರಾಂತಿ. ಇಪ್ಪತ್ತು ವರ್ಷದಲ್ಲಿ ಲಕ್ಷ ಮಾತು ನನ್ನ ಮೂಲಕ ಹಾದುಹೋಗಿವೆ, ಬಹುಪಾಲು ಮರೆತಿದ್ದೇನೆ. ನನಗೇ ಅಂತ ಯಾರೂ ಏನೂ ಹೇಳಿದವರಲ್ಲ.

ಒಮ್ಮೆ ಮಾತ್ರ ಹೇಳಿದ್ದುಂಟು. ಅಂದು ಹೆರಿಯ ಮಾತು ಮುಗಿಸಿದಾಗ ಮೂಕಾಂಬು ಕತ್ತಿ ಕೆಳಗಿಟ್ಟಳು. ನನ್ನನ್ನು ಎತ್ತಿ ತುಟಿಯ ಹತ್ತಿರ ಹಿಡಿದಳು. ನನಗೆ ಬಾಯಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ "ಹ್ಞೂಂ" ಎಂದಳು. ಅದನ್ನು ಹನ್ನೆರಡು ಮಾರು ನೀರಿನ ಮೇಲಿದ್ದವನಿಗೆ ಮುಟ್ಟಿಸಲು ನನ್ನಿಂದಾಗಲಿಲ್ಲ. ನಾಲ್ಕು ಗಂಟೆಗೆ ಅವಳೇ ಕೈ ತೊಳೆದುಕೊಂಡು, ಬುಟ್ಟಿಯನ್ನೂ ಹಿಡಿಯದೆ, ಧಕ್ಕೆಗೆ ಹೋದಳು.